ಹೊಟ್ಟಿನೋವು ಕೂಸಿಂದು, ತೀರ್ಮಾನ ನಮ್ದು

ಹೋದ ಶುಕ್ರವಾರ ನಮ್ಮ ಓಣ್ಯಾಗ ಒಬ್ಬರ ಮನಿಗೆ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಆರು ವರ್ಷದ ಹುಡುಗ ಒಂದು ಮೂಲ್ಯಾಗ ಹೊಟ್ಟಿ ಹಿಡ್ಕೊಂಡು ಕೂತಿದ್ದ. ‘ಏನಾಗ್ಯದೋ ಅಪ್ಪಿ?’ ಅಂತ ನಾ ಕೇಳೂದ್ರಾಗ ಅವರಜ್ಜಿ ‘ಅವಂದು ದಿನಾ ಇದ್ದದ್ದ ಬಿಡ್ರಿ, ನಾಟಕ’ ಅಂದ್ರು. ಬಾಜೂಕ ಕೂತವ್ರು ‘ಜಂತು ಇರಬೇಕು’ ಅಂದ್ರು. ಇನ್ನೊಬ್ರು ‘ದೃಷ್ಟಿ ತಗೀರಿ, ಹುಡುಗ ಛಂದ ಇದ್ದಾನ’ ಅಂದ್ರು. ಕೋಸಂಬರಿ ತಿಂದು ಮುಗಿಯೂದ್ರಾಗ ಆ ಹೊಟ್ಟಿಗೆ ನಾಲ್ಕು ರೋಗ, ಐದು ಔಷಧ ಸಿಕ್ಕಿದ್ವು. ಅಲ್ಲಿದ್ದ ಹನ್ನೆರಡು ಮಂದ್ಯಾಗ ಒಬ್ಬರರ ಆ ಹುಡುಗಗ ‘ಎಲ್ಲೆ ನೋಯ್ತದಪಾ?’ ಅಂತ ಕೇಳಲಿಲ್ಲ.

ಮನಿಗೆ ಬಂದ ಮ್ಯಾಲೂ ನನಗ ಸಮಾಧಾನ ಆಗಲಿಲ್ಲ, ಅದಕ್ಕ ಬರೀಲಿಕ್ಕತ್ತೇನಿ. ಮತ್ತ ಮತ್ತ ಬರೂ ಹೊಟ್ಟಿನೋವಿಗೆ ನಾವು ಹೆಂಗಸ್ರು ಕಾರಣಾ ಹುಡುಕಂಗಿಲ್ಲ, ಕಾರಣಾ ಹಂಚ್ತೇವಿ. ಸಿಟ್ಟಾಗಬ್ಯಾಡ್ರಿ, ಆ ಹಂಚೂ ಪೈಕಿ ನಾನೂ ಒಬ್ಬಾಕಿ. ನಮ್ಮ ಮನ್ಯಾಗ ಏನಾತು ಅಂತ ಮೊದಲು ಹೇಳ್ತೇನಿ, ಆಮ್ಯಾಲ ಬೈರಿ ಬೇಕಾದ್ರ.

ನನ್ನ ಮೊಮ್ಮಗಳು ಒಂದನೇತ್ತಾ ಇದ್ದಾಗಿನ ಮಾತು. ಜೂನದಾಗ ಹೊಸಾ ಸಾಲಿ ಶುರು ಆತು, ಜುಲೈದಿಂದ ಹೊಟ್ಟಿನೋವು ಶುರು ಆತು. ವಾರಕ್ಕ ಮೂರು-ನಾಲ್ಕು ಸಲ, ಮುಂಜಾನೆ ಆಟೋ ಬರೂ ಹೊತ್ತಿಗೆ, ಇಲ್ಲಾ ಅಂದ್ರ ಸಂಜೀಕ ಉಂಡ ಮ್ಯಾಲ. ಹೊಕ್ಕಳದ ಮ್ಯಾಲ ಕೈ ಇಟ್ಕೊಂಡು ಮುದ್ದಿಯಾಗಿ ಮಲಗಿಬಿಡೂದು. ಅರ್ಧಾ ತಾಸಿಗೆ ಕಡಿಮಿ ಆದ್ರ ಎದ್ದು ಆಟಕ್ಕ ಓಡೂದು. ಅದನ್ನ ನಾವು ದೊಡ್ಡ ಸಾಕ್ಷಿ ಅಂತ ಹಿಡಕೊಂಡ್ವಿ: ‘ಖರೇನ ನೋವಿದ್ರ ಹಿಂಗ ಜಿಗದಾಡ್ತಿತ್ತೇನು?’

ನಮ್ಮ ವೈನಿ ‘ಹೊಕ್ಕಳಾ ಸರದದ’ ಅಂತ ಹೇಳಿ ತಿಕ್ಕಾವ್ರ ಕಡೆ ಕರಕೊಂಡು ಹೋದ್ರು. ಬಾಜೂ ಮನಿ ಅಕ್ಕಾರು ಜಂತಿನ ಗುಳಿಗಿ ಕೊಡಸಿದ್ರು. ನಾನು ಸಂಜೀಕ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದೆ. ನಮ್ಮ ಮನಿಯವ್ರು ‘ಸಾಲಿ ತಪ್ಪಸೂ ನೆವಾ’ ಅಂತ ಒಂದ ಮಾತಿಗೆ ಮುಗಿಸಿದ್ರು. ಇಷ್ಟಾದ ಮ್ಯಾಲೂ ನೋವು ಹೋಗಲಿಲ್ಲ. ಆಗ ನಾನು ನಮ್ಮ ಸೊಸಿ ಮ್ಯಾಲ ಬಿದ್ದೆ. ‘ನೌಕರಿಗೆ ಹೋಗೂ ಗಡಿಬಿಡ್ಯಾಗ ಡಬ್ಬಿಗೆ ಬಿಸ್ಕೀಟು ತುಂಬಿ ಕಳಸ್ತೀ, ಕೂಸಿನ ಹೊಟ್ಟಿ ನೋಯದ ಏನು ಮಾಡೀತು?’ ಅಂದೆ. ಅಕಿ ಏನೂ ಮಾತಾಡದ ಒಳಗ ಹೋದ್ಲು. ಅವತ್ತಿನ ಅಕಿ ಮಾರಿ ನನಗ ಇನ್ನೂ ಕಣ್ಣ ಮುಂದ ಅದ.

ಜಂತಿನ ಗುಳಿಗಿಗೆ ನಾ ವಿರೋಧ ಇಲ್ಲ. ವರ್ಷಕ್ಕ ಎರಡು ಸಲ, ಫೆಬ್ರವರಿ 10 ಮತ್ತ ಆಗಸ್ಟ್ 10ರ ಸುಮಾರಿಗೆ, ಸರಕಾರದವ್ರ ಸಾಲ್ಯಾಗ, ಅಂಗನವಾಡ್ಯಾಗ ಪುಕ್ಕಟ ಕೊಡ್ತಾರ. 2 ವರ್ಷ ದಾಟಿದ ಮಕ್ಕಳಿಗೆ ಆಲ್ಬೆಂಡಝೋಲ್ 400 ಮಿಲಿಗ್ರಾಂದು ಒಂದು ಗುಳಿಗಿ, 1ರಿಂದ 2 ವರ್ಷದವರಿಗೆ ಅರ್ಧಾ. ತಪ್ಪಸಬ್ಯಾಡ್ರಿ, ಕೊಡಸ್ರಿ. ಆದ್ರ ನಾವು ಐದು ತಿಂಗಳದಾಗ ನಾಲ್ಕು ಸಲ ಕೊಟ್ವಿ! ಒಂದು ಸಲಾನೂ ಡಾಕ್ಟರಿಗೆ ಕೇಳಲಿಲ್ಲ.

ಡಿಸೆಂಬರದಾಗ ಯಾರೋ ಹೇಳಿದ್ರು ಅಂತ ಸ್ಕ್ಯಾನ್ ಮಾಡಸಿದ್ವಿ. ‘ಹೊಟ್ಟ್ಯಾಗ ಸಣ್ಣ ಸಣ್ಣ ಗಂಟು ಅವ’ ಅಂತ ರಿಪೋರ್ಟ್ ಬಂತು. ಅವತ್ತು ನಮ್ಮ ಮನ್ಯಾಗ ಯಾರೂ ಸರಿಯಾಗಿ ಉಣಲಿಲ್ಲ. ಒಬ್ಬರು ಟಿಬಿ ಅಂದ್ರು, ಇನ್ನೊಬ್ಬರು ಅದಕ್ಕಿಂತ ಕೆಟ್ಟ ಹೆಸರು ಹೇಳಿದ್ರು. ಮರುದಿನ ವಯಸ್ಸಾದ ಒಬ್ಬರು ಮಕ್ಕಳ ಡಾಕ್ಟರ ಕಡೆ ಓಡಿದ್ವಿ. ಅವರು ರಿಪೋರ್ಟ್ ನೋಡಿ ಬಾಜೂಕ ಇಟ್ರು. ‘ಆರಾಮ ಇದ್ದ ಮಕ್ಕಳ ಹೊಟ್ಟಿ ಸ್ಕ್ಯಾನ್ ಮಾಡಿದ್ರೂ ಇಂಥಾ ಸಣ್ಣ ಗಂಟು ಕಾಣಸ್ತಾವ್ರೀ. ಜ್ವರ ಇಲ್ಲ, ತೂಕ ಇಳದಿಲ್ಲ, ಮನ್ಯಾಗ ಯಾರಿಗೂ ಟಿಬಿ ಇಲ್ಲ. ಇದಕ್ಕ ಯಾಕ ಅಳ್ತೀರಿ?’ ಅಂದ್ರು. ಆಮ್ಯಾಲ ನಮ್ಮನ್ನ ಬಿಟ್ಟು ಕೂಸಿನ ಕಡೆ ತಿರುಗಿದ್ರು. ‘ಒಂದ ಬಟ್ಟು ಇಟ್ಟು ತೋರಸು ನೋಡೋಣು, ಎಲ್ಲೆ ನೋಯ್ತದ?’ ಅದು ಹೊಕ್ಕಳಾ ತೋರಿಸ್ತು.

ಮುಂದಿಂದು ನಮಗ ಕೇಳಿದ್ರು: ‘ಎಷ್ಟು ದಿನಕ್ಕೊಮ್ಮೆ ಎರಡಕ್ಕ ಹೋಗ್ತಾಳ? ಗಟ್ಟಿ ಇರ್ತದೋ, ಮೆತ್ತಗ ಇರ್ತದೋ?’ ನಾ ಸೊಸಿ ಮಾರಿ ನೋಡಿದೆ, ಸೊಸಿ ನನ್ನ ಮಾರಿ ನೋಡಿದ್ಲು. ಕೂಸು ದೊಡ್ಡದಾಗ್ಯದ, ತಾನ ಬಾಗಲಾ ಹಾಕ್ಕೊಂಡು ಹೋಗಿ ಬರ್ತದ ಅಂತ ನಾವು ನೋಡೂದನ್ನ ಬಿಟ್ಟಿದ್ವಿ. ಆರು ತಿಂಗಳು ಬಾಯಿಗೆ ಬಂದ ರೋಗದ ಹೆಸರು ಹೇಳಿದ ನಮಗ ಇದೊಂದು ಗೊತ್ತಿರಲಿಲ್ಲ.

ಡಾಕ್ಟರು ಎರಡು ವಾರ ಒಂದು ನೋಟಬುಕ್‌ನ್ಯಾಗ ಬರೀರಿ ಅಂದ್ರು. ನೋವು ಎಷ್ಟು ಹೊತ್ತಿಗೆ ಬಂತು, ಎಲ್ಲೆ ಬಂತು, ಎಷ್ಟು ಹೊತ್ತು ಇತ್ತು, ಅದರ ಮೊದಲ ಏನು ತಿಂದಿದ್ಲು, ಎರಡಕ್ಕ ಯಾವಾಗ ಹೋದ್ಲು, ಸಾಲಿ ಇತ್ತೋ ರಜಾ ಇತ್ತೋ. ‘ಕಂಡದ್ದು ಬರೀರಿ, ಅನಿಸಿದ್ದು ಬರೀಬ್ಯಾಡ್ರಿ’ ಅಂತ ನನ್ನ ಕಡೆ ನೋಡೇ ಹೇಳಿದ್ರು.

ಹದಿನಾಲ್ಕು ದಿನದಾಗ ನಮ್ಮ ಕೂಸು ನಾಲ್ಕ ಸಲ ಎರಡಕ್ಕ ಹೋಗಿತ್ತು. ಅದರಾಗ ಮೂರು ರಜಾ ದಿನ. ಅಂದ್ರ ಮನ್ಯಾಗ, ನಾಷ್ಟಾ ಆದ ಮ್ಯಾಲ, ಗಡಿಬಿಡಿ ಇಲ್ಲದಾಗ. ಸಾಲಿ ದಿನ ಏಳೂ ಮುಕ್ಕಾಲಕ್ಕ ಆಟೋ. ಕೂಡಲಿಕ್ಕ ಪುರಸೊತ್ತ ಇಲ್ಲ. ಸಾಲ್ಯಾಗ ಯಾಕ ಹೋಗಂಗಿಲ್ಲ ಅಂತ ಸೊಸಿ ರಾತ್ರಿ ಮಲಗಿಸ್ಕೋತ ಕೇಳಿದ್ಲು. ಸಣ್ಣ ದನಿಲೆ ಹೇಳ್ತು: ‘ಅಲ್ಲೆ ಬಾಗಲಕ್ಕ ಚಿಲಕ ಇಲ್ಲ ಮಮ್ಮಿ. ಹುಡುಗೂರು ದೂಡ್ತಾರ. ನಾ ನೀರು ಕುಡಿಯಂಗ ಇಲ್ಲ, ಕುಡದ್ರ ಒಂದಕ್ಕ ಬರ್ತದ.’

ಇಲ್ಲೆ ನನ್ನ ತಪ್ಪು ಕೇಳ್ರಿ. ದಿನಾ ಸಂಜೀಕ ಆ ನೀರಿನ ಬಾಟ್ಲಿ ತುಂಬಿದ್ದು ತುಂಬಿದಂಗ ಮನಿಗೆ ಬರ್ತಿತ್ತು. ನೀರು ಚಲ್ಲಬಾರದು ಅಂತ ಅದನ್ನ ದಿನಾ ತುಳಸಿಗೆ ಹಾಕಾಕಿ ನಾನ! ಆರು ತಿಂಗಳು ಕಾರಣ ನನ್ನ ಕೈಯಾಗ ಇತ್ತು, ನಾ ಸೊಸಿ ಡಬ್ಬಿಯೊಳಗ ಬಿಸ್ಕೀಟು ಹುಡುಕ್ಲಿಕ್ಕತ್ತಿದ್ದೆ.

ಡಾಕ್ಟರು ತಿಳಿಸಿ ಹೇಳಿದ್ದನ್ನ ನಾನು ತಿಳಕೊಂಡಂಗ ಹೇಳ್ತೇನಿ. ಮಲ ತಡೆದಷ್ಟೂ ಕರುಳು ಅದರಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಹೊರಗೆ ಬರುವಾಗ ನೋಯುತ್ತದೆ. ಆ ನೋವಿಗೆ ಹೆದರಿ ಮಗು ಮತ್ತೆ ತಡೆಯುತ್ತದೆ. ಊಟವಾದ ಮೇಲೆ ಕರುಳು ತಾನಾಗಿಯೇ ಚಲಿಸುತ್ತದೆ, ತುಂಬಿ ಹಿಗ್ಗಿದ ಕರುಳು ಆಗ ನೋಯುತ್ತದೆ. ಅದಕ್ಕ ಉಂಡ ಮ್ಯಾಲ ನೋವು. ಇನ್ನೊಂದು ಮಾತು ನನಗ ಗೊತ್ತಿರಲಿಲ್ಲ. ಗಟ್ಟಿ ಗಂಟಿನ ಬಾಜೂಕಿಂದ ನೀರಿನಂಥಾ ಮಲ ಸೋರಿ ಚಡ್ಡಿಗೆ ಹತ್ತತದಂತ. ನಾವು ಅದನ್ನ ಭೇದಿ ಅಂತ ತಿಳಕೊಂಡು ಬರೇ ಅನ್ನಾ-ಮಜ್ಜಿಗಿ ಹಾಕಿ, ಹಣ್ಣು ನಿಲ್ಲಿಸಿ, ಮ್ಯಾಲೆ ‘ಇಷ್ಟು ದೊಡ್ಡಾಕಿಯಾಗಿ ನಾಚಿಕಿ ಇಲ್ಲೇನು?’ ಅಂತ ಬೈದಿದ್ವಿ.

ಮಲ ಮೆತ್ತಗ ಮಾಡೂ ಔಷಧ ಕೊಟ್ರು. ತಿಂಗಳಗಟ್ಟಲೆ ಕೊಡಬೇಕು, ನಾಲ್ಕು ದಿನಕ್ಕ ಆರಾಮಾತು ಅಂತ ನಿಲ್ಲಸಬ್ಯಾಡ್ರಿ, ನಾನ ಹೇಳಿ ಕಡಿಮಿ ಮಾಡಸ್ತೇನಿ ಅಂದ್ರು. ಅರ್ಧಾ ತಾಸು ಮೊದಲ ಎಬ್ಬಸೂದು, ನಾಷ್ಟಾ ಆದ ಮ್ಯಾಲ ಹತ್ತು ನಿಮಿಷ ಕೂಡಸೂದು. ಕಮೋಡಿನ ಮ್ಯಾಲ ಕಾಲು ಜೋತಾಡಬಾರದು, ಕೆಳಗ ಮಣಿ ಇಡಬೇಕು. ನೀರು, ಪೇರಲ ಹಣ್ಣು, ಕಾಳಿನ ಪಲ್ಯಾ, ಜ್ವಾಳದ ರೊಟ್ಟಿ. ಸೊಸಿ ಮತ್ತ ಮೂರು ಮಂದಿ ತಾಯಂದ್ರನ್ನ ಕೂಡಿಸ್ಕೊಂಡು ಸಾಲಿಗೆ ಹೋಗಿ ಮಾತಾಡಿದ್ಲು. ಹದಿನೈದು ದಿನಕ್ಕ ಚಿಲಕ ಬಂತು. ಸ್ಕ್ಯಾನಿಗೆ ಸಾವಿರದ ಮ್ಯಾಲ ಕೊಟ್ಟಿದ್ವಿ. ಒಂದು ಚಿಲಕಕ್ಕ ಎಷ್ಟಾಗ್ತದ ನೀವ ಹೇಳ್ರಿ.

ಇನ್ನ ನಿಮ್ಮ ಮಾತಿಗೆ ಬರ್ತೇನಿ. ‘ನಮ್ಮ ಕಾಲಕ್ಕ ಇವೆಲ್ಲಾ ಇರಲಿಲ್ಲ’ ಅಂತೀರಿ. ಇದ್ವು. ಇಂಗ್ಲೆಂಡಿನ ಬ್ರಿಸ್ಟಲ್ ಕಡೆ ಡಾಕ್ಟರ್ ಜಾನ್ ಏಪ್ಲಿ ಮತ್ತ ಅವರ ಜೋಡಿ ಡಾಕ್ಟರು ಸಾವಿರ ಸಾಲಿ ಮಕ್ಕಳನ್ನ ನೋಡಿ 1958ರಾಗ ಬರದಾರ. ಹತ್ತರಾಗ ಒಂದು ಕೂಸಿಗೆ ಹಿಂಗ ಮತ್ತ ಮತ್ತ ಹೊಟ್ಟಿನೋವು ಇತ್ತು. ನಮ್ಮ ಡಾಕ್ಟರು ಇವತ್ತಿಗೂ ಅವರ ಮಾತು ಹೇಳ್ತಾರ: ನೋವು ಹೊಕ್ಕಳದಿಂದ ದೂರ ಇದ್ದಷ್ಟು ಹೆಚ್ಚು ಹುಶಾರಾಗಬೇಕು. ನಮ್ಮ ಕಾಲಕ್ಕೂ ನೋವು ಇತ್ತು, ಅದಕ್ಕ ಬರಿ ಹಾಕಸ್ತಿದ್ರು, ಅಷ್ಟ ಫರಕು. ನನ್ನ ಚಿಕ್ಕಪ್ಪನ ಮಗಳ ಹೊಟ್ಟಿ ಮ್ಯಾಲ ಮೂರು ಬರಿ ಇವತ್ತಿಗೂ ಅವ. ಈಗೂ ಎಳೇ ಕೂಸಿಗೆ ಬರಿ ಹಾಕಸೂವ್ರು ಇದ್ದಾರ. ಸುಟ್ಟ ಗಾಯಾ ಕೀವಾಗಿ ಕೂಸಿನ ಜೀವಕ್ಕ ಬರಬಹುದು. ಇದನ್ನ ಹಿರೇರ ಪದ್ಧತಿ ಅಂತ ನನ್ನ ಮುಂದ ಹೇಳಬ್ಯಾಡ್ರಿ.

‘ನೆವಾ’ ಅನ್ನಾವ್ರಿಗೆ ಒಂದ ಪ್ರಶ್ನಿ. ಮಗಳ ಮದುವಿ ಹಿಂದಿನ ರಾತ್ರಿ ನಿಮ್ಮ ಹೊಟ್ಟ್ಯಾಗ ತಳಮಳ ಆಗಿ ನಾಲ್ಕು ಸಲ ಎದ್ದಿದ್ರೆಲ್ಲಾ, ಅದು ನಾಟಕ ಇತ್ತೇನು? ಅಂಜಿಕಿಗೆ ಹೊಟ್ಟಿ ಖರೇನ ನೋಯ್ತದ. ಪರೀಕ್ಷಾ ಅಂಜಿಕಿ ಇರಲಿ, ಹೊಡಿಯೂ ಹುಡುಗನ ಅಂಜಿಕಿ ಇರಲಿ, ಮನ್ಯಾಗಿನ ನಮ್ಮ ಜಗಳದ ಅಂಜಿಕಿ ಇರಲಿ. ಸ್ಕ್ಯಾನಿನ್ಯಾಗ ಏನೂ ಬರಲಿಲ್ಲ ಅಂದ್ರ ಕೂಸು ಸುಳ್ಳು ಹೇಳ್ತು ಅಂತ ಅಲ್ಲ. ಸುಳ್ಳಿ ಅಂತ ಹೆಸರಿಟ್ರ ಆ ಕೂಸು ಚಿಲಕದ ಮಾತು ನಿಮಗ ಯಾವತ್ತೂ ಹೇಳಂಗಿಲ್ಲ.

ಹಂಗಂತ ನಾಳಿಂದ ಎಲ್ಲಾ ಮಕ್ಕಳಿಗೂ ‘ಮಲಬದ್ಧತೆ’ ಅಂತ ಹೊಸಾ ಹೆಸರು ಹಂಚಬ್ಯಾಡ್ರಿ! ನಮ್ಮ ಮಾವಶಿ ಮೊಮ್ಮಗಗ ದೊಡ್ಡ ಲೋಟ ಹಾಲು ಕುಡದು ಒಂದು ತಾಸಿಗೆ ಹೊಟ್ಟಿ ಉಬ್ಬಿ ನೋಯ್ತಿತ್ತು. ಎರಡು ವಾರ ಹಾಲು ನಿಲ್ಲಿಸಿ, ಮತ್ತ ಕೊಟ್ಟು ನೋಡಿದ ಮ್ಯಾಲ ಡಾಕ್ಟರು ಹಾಲಿಂದ ಅಂತ ಹೇಳಿದ್ರು. ಇನ್ನೊಂದು ಹುಡುಗಿಗೆ ಮೂತ್ರದ ಸೋಂಕು ಇತ್ತು. ಒಂದೊಂದು ಕೂಸಿಂದು ಒಂದೊಂದು ಕಾರಣ.

ಕೆಲವು ಲಕ್ಷಣ ಕಂಡರೆ ನೋಟಬುಕ್ ಬರೆಯುತ್ತ ಕೂಡಬಾರದು, ಡಾಕ್ಟರ ಕಡೆ ಹೋಗಬೇಕು: ನೋವಿನಿಂದ ಮಗು ರಾತ್ರಿ ನಿದ್ದೆಯಿಂದ ಏಳುವುದು, ತೂಕ ಇಳಿಯುವುದು ಅಥವಾ ಎತ್ತರ ಬೆಳೆಯದಿರುವುದು, ಬಿಟ್ಟುಬಿಟ್ಟು ಜ್ವರ, ಕೀಲು ನೋವು, ಉರಿಮೂತ್ರ. ಮಲದಲ್ಲಿ ರಕ್ತ, ಹಸಿರು ವಾಂತಿ, ಹೊಟ್ಟೆ ಕಲ್ಲಿನಂತೆ ಬಿಗಿಯುವುದು, ಹೊಕ್ಕಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಇಳಿಯುವ ನೋವು, ಇವು ಕಂಡರೆ ಅವತ್ತೇ, ಆಗಲೇ ಹೋಗಬೇಕು. ಅಂಥಾ ಹೊತ್ತಿನ್ಯಾಗ ಔಡಲೆಣ್ಣಿ ಕುಡಸೂದು, ಹೊಟ್ಟಿ ತಿಕ್ಕಸೂದು ಬ್ಯಾಡ. ಅಪೆಂಡಿಕ್ಸ್ ಇದ್ರ ಒಡದು ಹೋದೀತು.

ಮುಂದಿನ ಸಲ ಕೂಸು ‘ಹೊಟ್ಟಿ’ ಅಂದಾಗ ನಾವು ಮೊದಲು ಬಾಯಿ ಮುಚ್ಚೋಣು. ಎಲ್ಲೆ, ಯಾವಾಗ, ಉಂಡ ಮ್ಯಾಲೋ ಮೊದಲೋ, ಎರಡಕ್ಕ ಹೋಗಿದ್ದಿ ಏನು, ಇಷ್ಟು ಕೇಳೋಣು, ಬರದು ಇಡೋಣು. ಬಾಟ್ಲಿ ಮುಚ್ಚಳಾ ತಗದು ನೋಡೋಣು. ಮತ್ತ, ಆ ತಾಯಿಗೆ ಬೈಯೂದನ್ನ ಬಿಡೋಣು. ನಾ ನಮ್ಮ ಸೊಸಿ ಮುಂದ ತಪ್ಪಾತು ಅಂತ ಹೇಳೇನಿ. ಅಕಿ ನಕ್ಕು ‘ಇರಲಿ ಬಿಡ್ರಿ ಅತ್ತಿ’ ಅಂದ್ಲು. ಆದ್ರ ಆ ಆರು ತಿಂಗಳು ನಾ ವಾಪಸ್ ಕೊಡಲಿಕ್ಕೆ ಆಗೂದಿಲ್ಲ.

ಈಗ ಬಾಟ್ಲಿ ಖಾಲಿ ಬರ್ತದ. ತುಳಸಿಗೆ ನಳದಿಂದ ಬ್ಯಾರೇನ ನೀರು ತಂದು ಹಾಕ್ತೇನಿ. ನನ್ನ ಮಾತಿಗೆ ಸಿಟ್ಟು ಬಂದವ್ರು ಮನಿಗೆ ಬರ್ರಿ, ಚಹಾ ಕುಡಕೋತ ಜಗಳಾ ಆಡೋಣು.