ಕಲೆಗೆ ಎಸ್.ಆರ್. ದರ ಇಲ್ಲ

ಮಳೆ ಸ್ವಲ್ಪ ಬಿಟ್ಟರೆ ಸಾಕು, ಕೊಡಗಿನ ಮಾಕುಟ್ಟದಲ್ಲಿ ಕೇರಳದ ಗಡಿಗೊಂದು ಸ್ವಾಗತ ಕಮಾನು ಬೇಕೆಂಬ ಮಾತು ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ಶುರುವಾಗುತ್ತದೆ. ಕೇರಳದವರು ಕೂಟುಪುಳದಲ್ಲಿ ಹೊಸ ಸೇತುವೆ ಕಟ್ಟಿಕೊಂಡರು. 2018ರ ಡಿಸೆಂಬರಿನಲ್ಲಿ ಕಣ್ಣೂರಿಗೆ ವಿಮಾನ ನಿಲ್ದಾಣ ಬಂದ ಮೇಲೆ ವಿರಾಜಪೇಟೆ, ಪೆರುಂಬಾಡಿ ದಾಟಿ ಈ ಘಾಟಿಯಲ್ಲಿ ಇಳಿಯುವ ಕಾರುಗಳೂ ಹೆಚ್ಚಾದವು. ಅತ್ತಲಿಂದ ಬಂದವರಿಗೆ ಕರ್ನಾಟಕದಲ್ಲಿ ಮೊದಲು ಕಾಣುವುದು ಚೆಕ್‌ಪೋಸ್ಟಿನ ಗೇಟು. ಕೋವಿಡ್ ಕಾಲದಲ್ಲಿ ಇದೇ ದಾರಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ಆ ಕಡೆಯವರು ಇನ್ನೂ ಮರೆತಿಲ್ಲ. ಹಾಗಾಗಿ ಇಲ್ಲೊಂದಿಷ್ಟು ಅಂದಚೆಂದ ಇರಲಿ ಎನ್ನುವವರ ಮೇಲೆ ನನಗೆ ತಕರಾರಿಲ್ಲ.

ತಕರಾರಿರುವುದು ಆ ಅಂದಚೆಂದ ಬರುವ ದಾರಿಯ ಬಗ್ಗೆ. ಬಂದರೆ ಏನು ಬರುತ್ತದೆಂದು ಈಗಲೇ ಹೇಳಬಲ್ಲೆ: ಸೊಂಡಿಲೆತ್ತಿದ ಎರಡು ಫೈಬರ್ ಆನೆ, ನಡುವೆ ಹೊಗೆಯಾಡುವ ಕಾಫಿ ಕಪ್ಪು, ಪಕ್ಕದಲ್ಲಿ ಅಧ್ಯಕ್ಷತೆ ವಹಿಸಿದವರ ಹೆಸರು ಕೊರೆದ ಕರಿಕಲ್ಲು. ನಾನು ಜ್ಯೋತಿಷಿಯಲ್ಲ. ಸರ್ಕಾರಿ ಕಟ್ಟಡಗಳ ಎಸ್ಟಿಮೇಟ್ ಬರೆದು, ಅಳತೆ ಬರೆಯುವ ಎಂ.ಬಿ. ಪುಸ್ತಕ ತುಂಬಿ ನಿವೃತ್ತನಾದ ಜೂನಿಯರ್ ಇಂಜಿನಿಯರ್.

ಓದುಗರಲ್ಲಿ ಹೆಚ್ಚಿನವರು ಎಸ್.ಆರ್., ಅಂದರೆ ದರಪಟ್ಟಿಯ ಪುಸ್ತಕ ನೋಡಿರಲಾರರು. ಪ್ರತಿ ಸರ್ಕಾರಿ ಕಾಮಗಾರಿಗೂ ಅದೇ ವೇದ. ಪಾಯ ಅಗೆಯಲು ಘನ ಮೀಟರಿಗೆ ಇಷ್ಟು, ಗಾರೆಗೆ ಚದರ ಮೀಟರಿಗೆ ಇಷ್ಟು, ಕಬ್ಬಿಣಕ್ಕೆ ಟನ್ನಿಗೆ ಇಷ್ಟು. ಶಿಲ್ಪಿ ಆರು ತಿಂಗಳು ಕೂತು ಯೋಚಿಸುವುದಕ್ಕೆ ಅದರಲ್ಲಿ ದರವಿಲ್ಲ. ಆದ್ದರಿಂದ ಪಾರ್ಕಿಗೊಂದು ಕಲಾಕೃತಿ ಬೇಕೆಂದರೆ ನಾವು ಮಾಡುತ್ತಿದ್ದದ್ದು ಇಷ್ಟೇ: ಮೂರು ಕೊಟೇಶನ್ ತರಿಸು, ಕಡಿಮೆಯದ್ದನ್ನು ಆರಿಸು, ಕಾಂಪೌಂಡು, ಚರಂಡಿ, ಇಂಟರ್‌ಲಾಕ್ ಕಲ್ಲುಗಳ ಜೊತೆ ಒಂದೇ ಪ್ಯಾಕೇಜಿನಲ್ಲಿ ಸೇರಿಸು. ಟೆಂಡರ್ ಹಿಡಿದ ಗುತ್ತಿಗೆದಾರ ಚರಂಡಿ ತಾನು ಮಾಡುತ್ತಾನೆ, ಕಲೆಯನ್ನು ಸಬ್‌ಕಾಂಟ್ರ್ಯಾಕ್ಟಿಗೆ ಬಿಡುತ್ತಾನೆ. ಕಲಾವಿದನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಊರಿನ ಹೆಸರು ಬೇಡ, ಒಂದು ಪಾರ್ಕಿನ ಎಸ್ಟಿಮೇಟಿನಲ್ಲಿ ಹೀಗೊಂದು ಸಾಲಿತ್ತು: ‘ಫೈಬರ್ ಜಿಂಕೆ, ಎತ್ತರ 4 ಅಡಿ, ಬಣ್ಣ ಸಹಿತ, 3 ನಗ.’ ಲಾರಿಯಿಂದ ಇಳಿದದ್ದರಲ್ಲಿ ಎರಡಕ್ಕೆ ಕೊಂಬಿತ್ತು, ಮೂರನೆಯದಕ್ಕೆ ಇರಲಿಲ್ಲ. ಮುರಿದಿರಬೇಕೆಂದು ಕೇಳಿದರೆ ಗುತ್ತಿಗೆದಾರ ತಡವರಿಸಲೇ ಇಲ್ಲ, “ಅದು ಹೆಣ್ಣು ಸಾರ್” ಅಂದ. ಕೊಂಬಿರಬೇಕೆಂದು ಎಸ್ಟಿಮೇಟಿನಲ್ಲಿ ಬರೆದಿರಲಿಲ್ಲ. ಬಿಲ್ ಪಾಸಾಯಿತು.

ನಮ್ಮ ಮಳೆ ಮಾತ್ರ ಯಾರ ಬಿಲ್ಲನ್ನೂ ಪಾಸು ಮಾಡುವುದಿಲ್ಲ. ಘಾಟಿಯ ಕಡೆ ಎರಡು ಮಳೆಗಾಲ ಕಂಡ ಫೈಬರ್ ಗೊಂಬೆಯನ್ನು ಹತ್ತಿರದಿಂದ ನೋಡಿ. ಮೇಲಿನ ಹೊಳಪು ಕೂದಲೆಳೆಯಂತೆ ಬಿರುಕು ಬಿಟ್ಟಿರುತ್ತದೆ, ಬಿರುಕಿನೊಳಗೆ ಪಾಚಿ ಕೂತಿರುತ್ತದೆ. ಒಳಗಿನ ಸರಳಿಗೆ ತುಕ್ಕು ಹಿಡಿದು ಕಣ್ಣಿನ ಕೆಳಗೆ, ಕಿವಿಯ ಬುಡದಲ್ಲಿ ಕಂದು ನೀರು ಇಳಿದ ಗುರುತಿರುತ್ತದೆ. ಮೂರನೇ ವರ್ಷಕ್ಕೆ ಪಂಚಾಯಿತಿಯವರು ಕೈಗೆ ಸಿಕ್ಕ ಬಣ್ಣ ಬಳಿಸುತ್ತಾರೆ. ಐದನೇ ವರ್ಷಕ್ಕೆ ಅದು ಉಗ್ರಾಣದ ಹಿಂದೆ ಕಾಲು ಮೇಲಾಗಿ ಬಿದ್ದಿರುತ್ತದೆ. ಮಡಿಕೇರಿ ಕೋಟೆಯೊಳಗೆ ಅರಸರ ಕಾಲದ ಎರಡು ಗಾರೆಯ ಆನೆಗಳು ಇದೇ ಜಿಲ್ಲೆಯ ಮಳೆಯಲ್ಲಿ ಎರಡು ಶತಮಾನ ನಿಂತಿವೆಯಲ್ಲ! ಮಾಡಿದವನಿಗೆ ಮಳೆ ಗೊತ್ತಿತ್ತು, ಮಾಡಿಸಿದವನಿಗೆ ಅವಸರವಿರಲಿಲ್ಲ.

ಕೊಡಗಿನವರಿಗೆ ಕಲೆ ಮಾಡಿಸುವುದು ಗೊತ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಮಡಿಕೇರಿ ದಸರೆಯ ದಶಮಂಟಪಗಳನ್ನು ನೋಡಿ. ಪೇಟೆ ಶ್ರೀರಾಮ ಮಂದಿರ, ದೇಚೂರು ಶ್ರೀರಾಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿ, ಕರವಲೆ ಭಗವತಿ, ಹೀಗೆ ಹತ್ತು ದೇವಸ್ಥಾನಗಳ ಸಮಿತಿಗಳು ತಿಂಗಳುಗಟ್ಟಲೆ ಮೊದಲೇ ಕೂತು ಕಥಾವಸ್ತು ಆರಿಸುತ್ತವೆ. ಯಾವ ಅಸುರ, ಯಾವ ಸಂಹಾರ, ಎಷ್ಟು ಮೂರ್ತಿ, ಯಾವುದರ ಕೈ ಎತ್ತಬೇಕು, ಯಾವುದರ ತಲೆ ಉರುಳಬೇಕು ಎಂದು ಚರ್ಚೆ ನಡೆಯುತ್ತದೆ. ಕಲಾವಿದರ ಹಳೆಯ ಕೆಲಸ ನೋಡಿ, ಕರೆಸಿ, ಮುಂಗಡ ಕೊಡುತ್ತಾರೆ. ಚಂದಾ ಎತ್ತುತ್ತಾರೆ, ಸರ್ಕಾರದ ಅನುದಾನ ಸೇರುತ್ತದೆ. ಶೆಡ್ಡಿಗೆ ಹೋಗಿ ಇಣುಕುತ್ತಾರೆ, ರಾಕ್ಷಸನ ಮೂಗು ಸರಿಯಿಲ್ಲವೆಂದು ಅಲ್ಲೇ ಹೇಳುತ್ತಾರೆ. ವಿಜಯದಶಮಿಯ ರಾತ್ರಿ ಟ್ರ್ಯಾಕ್ಟರ್ ಮೇಲೆ ಬೆಳಗಾಗುವವರೆಗೆ ಮೆರವಣಿಗೆ, ತೀರ್ಪುಗಾರರ ಅಂಕ, ಬಹುಮಾನ, ತೀರ್ಪಿನ ಮೇಲೆ ಜಗಳ. ಜಗಳವಾಡುವುದೂ ಒಳ್ಳೆಯದೇ. ಪಾರ್ಕಿನ ಜಿಂಕೆಗಾಗಿ ಯಾರಾದರೂ ಜಗಳವಾಡಿದ್ದನ್ನು ನೀವು ಕಂಡಿದ್ದೀರಾ?

ಒಂದು ರಾತ್ರಿಯ ಕೆಲಸಕ್ಕೆ ಇಷ್ಟು ಯೋಚನೆ, ಹತ್ತು ವರ್ಷ ನಿಲ್ಲಬೇಕಾದದ್ದಕ್ಕೆ ಮೂರು ಕೊಟೇಶನ್.

ಇನ್ನೂ ಹಳೆಯ ದಾರಿಯೊಂದು ನಮ್ಮ ದೇವರಕಾಡುಗಳಲ್ಲಿದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಬೇಟೆಯ ದೇವರಾದ ಅಯ್ಯಪ್ಪನ ಕಾಡುಗಳಿಗೆ ಹೋದರೆ ಮರದ ಬುಡದಲ್ಲಿ ಸುಟ್ಟ ಮಣ್ಣಿನ ನಾಯಿಗಳ ಸಾಲು ಕಾಣುತ್ತದೆ. ಹರಕೆಯ ನಾಯಿಗಳು. ಕೆಲವಕ್ಕೆ ಕಿವಿ ಮುರಿದಿದೆ, ಕೆಲವು ಅರ್ಧ ಎಲೆಮಣ್ಣಿನಲ್ಲಿ ಹೂತಿವೆ, ಪಾಚಿ ಹತ್ತಿದ ಬೆನ್ನಿನ ಮೇಲೆ ಪುಟ್ಟ ಜರಿಗಿಡ ಹುಟ್ಟಿದೆ. ಯಾವುದೂ ಇನ್ನೊಂದರಂತಿಲ್ಲ. ಹರಕೆ ಹೊತ್ತವನು ಕುಂಬಾರನ ಬಳಿ ಹೋಗಿ ಹೇಳಿ ಮಾಡಿಸಿ ತಂದು, ಊರವರು ನೋಡುವ ಜಾಗದಲ್ಲಿ ಇಟ್ಟದ್ದು. ಯಾರಿಗಾಗಿ, ಯಾತಕ್ಕಾಗಿ, ಎಲ್ಲಿ ಇಡುವುದು ಎಂಬ ಮೂರೂ ಪ್ರಶ್ನೆಗೆ ಮಣ್ಣು ಕಲಸುವ ಮೊದಲೇ ಉತ್ತರವಿತ್ತು. ನಾನು ಬರೆದ ಯಾವ ಎಸ್ಟಿಮೇಟಿನಲ್ಲೂ ಈ ಮೂರು ಕಾಲಂ ಇರಲಿಲ್ಲ.

ಇಷ್ಟೆಲ್ಲ ಇದ್ದೂ ಸಾರ್ವಜನಿಕ ಕಲೆ ಅಂದಕೂಡಲೇ ನಮ್ಮ ಕಣ್ಣೆದುರು ಬರುವುದು ಸರ್ಕಲ್ಲಿನ ಪ್ರತಿಮೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಗುಡ್ಡೆಮನೆ ಅಪ್ಪಯ್ಯಗೌಡ, ಎಲ್ಲರೂ ತಲೆಬಾಗಬೇಕಾದವರೇ. ಆದರೆ ವಾಹನ ಸುತ್ತುವ ಜಾಗದಲ್ಲಿ ಪ್ರತಿಮೆ ನಿಲ್ಲಿಸಿದರೆ ಏನಾಗುತ್ತದೆಂದು 2023ರ ಆಗಸ್ಟ್ 21ರ ಬೆಳಗ್ಗೆ ಕಂಡೆವು. ಬಸ್ಸೊಂದು ಗುದ್ದಿ ತಿಮ್ಮಯ್ಯನವರ ಪ್ರತಿಮೆಯೇ ಉರುಳಿತು. ಮತ್ತೆ ಸರಿಪಡಿಸಿ ನಿಲ್ಲಿಸಿದರು, ಸಂತೋಷ. ರಸ್ತೆ, ಕಾಲುದಾರಿ, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ರಾಜ್ಯಗಳಿಗೆ ಆದೇಶಿಸಿದೆ. ನೆರೆಯ ಕೇರಳದ ನೆಯ್ಯಾಟ್ಟಿಂಕರದಲ್ಲಿ ಪ್ರತಿಮೆ ನಿಲ್ಲಿಸುವ ವಿಚಾರ ಕೋರ್ಟಿನ ಮುಂದೆ ಬಂದಾಗ ಹೊರಟ ಆದೇಶ ಅದು. ಅದನ್ನು ಎಷ್ಟು ಊರುಗಳು ಪಾಲಿಸುತ್ತಿವೆ ಎಂಬುದು ನಿಮಗೂ ಗೊತ್ತು.

ಅವಸರದ ಕಥೆ ಕೇಳಬೇಕೆಂದರೆ ಕಾರ್ಕಳಕ್ಕೆ ಹೋಗಿ. ಬೈಲೂರಿನ ಉಮಿಕ್ಕಳ ಬೆಟ್ಟದ ಮೇಲಿನ ಪರಶುರಾಮ ಥೀಮ್ ಪಾರ್ಕ್ 2023ರ ಜನವರಿಯಲ್ಲಿ, ವಿಧಾನಸಭೆ ಚುನಾವಣೆಗೆ ಕೆಲವೇ ತಿಂಗಳಿದ್ದಾಗ ಉದ್ಘಾಟನೆಯಾಯಿತು. ಮೂರ್ತಿ ಕಂಚಿನದಲ್ಲವೆಂಬ ಆರೋಪ ಎದ್ದಿತು, ಮೇಲ್ಭಾಗವನ್ನು ಕಳಚಿದರು, ಪೊಲೀಸ್ ತನಿಖೆ, ಬಂಧನ, ಕೋರ್ಟು. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ಉದ್ಘಾಟನೆಯ ತಾರೀಕನ್ನು ಮೊದಲು ಗೊತ್ತುಮಾಡಿ ಕಂಚನ್ನು ಅದರ ಹಿಂದೆ ಓಡಿಸುವ ಪದ್ಧತಿಯ ಮೇಲೆ ಮಾತ್ರ ಯಾವ ಕೋರ್ಟಿನಲ್ಲೂ ಕೇಸು ನಡೆಯುವುದಿಲ್ಲ. ಅವಸರವಿಲ್ಲದ ಕಥೆಯೂ ಇದೆ: ದೆಹಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ನಿಂತ ಯಕ್ಷ, ಯಕ್ಷಿಯರನ್ನು ರಾಮಕಿಂಕರ ಬೈಜ್ ಅವರಿಗೆ ಒಪ್ಪಿಸಿದ್ದು 1950ರ ದಶಕದಲ್ಲಿ, ಕೆಲಸ ಮುಗಿದದ್ದು 60ರ ದಶಕದ ಕೊನೆಯ ಭಾಗದಲ್ಲಿ. ಸಾರ್ವಜನಿಕ ಕಟ್ಟಡ ಕಟ್ಟುವಾಗ ನಮ್ಮ ಕಲಾವಿದರಿಗೂ ಕೆಲಸ ಕೊಡಿ, ಒಟ್ಟು ಖರ್ಚಿನ ಮುಂದೆ ಅದು ದೊಡ್ಡದಲ್ಲ ಎಂಬುದು ನೆಹರೂ ಅವರ ಅಭಿಪ್ರಾಯವಾಗಿತ್ತು. ಯಕ್ಷಿ ಬೆತ್ತಲೆಯಾಗಿದ್ದಾಳೆಂದು ಸಂಸತ್ತಿನಲ್ಲಿ ಆಕ್ಷೇಪ ಬಂತು, ಆದರೂ ಬ್ಯಾಂಕು ಅವಳನ್ನು ಕದಲಿಸಲಿಲ್ಲ.

ಅಷ್ಟು ದೂರ ಯಾಕೆ, ಮಾಕುಟ್ಟದಿಂದ ಇರಿಟ್ಟಿ ಹಾದು ಕಣ್ಣೂರಿನ ಪಯ್ಯಾಂಬಲಂ ಕಡಲ ತೀರಕ್ಕೆ ಇಳಿಯಿರಿ. ಕಾನಾಯಿ ಕುಂಞಿರಾಮನ್ ಮಾಡಿದ ತಾಯಿ ಮಗು ಅಲ್ಲಿದೆ. ಕಾಸರಗೋಡು ಕಡೆಯ ಮನುಷ್ಯ. 1969ರಲ್ಲಿ ಮಲಂಪುಳ ಅಣೆಕಟ್ಟಿನ ತೋಟದಲ್ಲಿ ಅವರು ದೊಡ್ಡ ಯಕ್ಷಿಯನ್ನು ಮಾಡಿದಾಗ ಮಡಿವಂತರೆಲ್ಲ ಗಲಾಟೆ ಎಬ್ಬಿಸಿದ್ದರು. ಈಗ ಆ ಯಕ್ಷಿಯಿಲ್ಲದೆ ಮಲಂಪುಳವೇ ಇಲ್ಲ. ನಮ್ಮ ಎಷ್ಟು ಅಣೆಕಟ್ಟುಗಳ ತೋಟದಲ್ಲಿ ಮಾಡಿದವನ ಹೆಸರು ಹಿಡಿದು ಹೇಳಬಹುದಾದ ಶಿಲ್ಪವಿದೆ? ಮೈಸೂರಿನಲ್ಲಿ ಕಾವಾ ಕಲಾಶಾಲೆ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು, ಲಲಿತಕಲಾ ಅಕಾಡೆಮಿ, ಶಿಲ್ಪಕಲಾ ಅಕಾಡೆಮಿ ಇವೆ. ಕಲಿತು ಹೊರಬಂದ ಹುಡುಗ ಹುಡುಗಿಯರಿಗೆ ಕೆಲಸ ಕೊಡುವವರಿಲ್ಲ. ಬಾದಲ್ ನಂಜುಂಡಸ್ವಾಮಿಯಂಥವರು 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆ ಬಿಟ್ಟು, 2019ರಲ್ಲಿ ಇನ್ನೊಂದು ರಸ್ತೆಯ ಗುಂಡಿಗಳನ್ನೇ ಚಂದ್ರಲೋಕ ಮಾಡಿ ತೋರಿಸಿದರು. ಯಾರೂ ಕರೆದು ಮಾಡಿಸಿದ್ದಲ್ಲ. ನನ್ನ ಕಾಲದಲ್ಲಿ ಬೆಂಗಳೂರು ಕಂಡ ಅತ್ಯಂತ ಉಪಯುಕ್ತ ಸಾರ್ವಜನಿಕ ಕಲೆ ಅದೇ ಎಂದು ಇಂಜಿನಿಯರಾಗಿ ಹೇಳುತ್ತೇನೆ, ಪಾಲಿಕೆ ಗುಂಡಿ ಮುಚ್ಚಲು ಓಡಿ ಬಂತು.

ಶಾಲೆಗೆ ಶೌಚಾಲಯವಿಲ್ಲ, ಕಲೆಗೆ ದುಡ್ಡೇ ಎಂದು ಕೇಳುವವರು ಇದ್ದೇ ಇರುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ದುಡ್ಡು ಈಗಲೂ ಹೋಗುತ್ತಲೇ ಇದೆ ಸ್ವಾಮಿ, ಕಮಾನು, ಕಾರಂಜಿ, ಐ ಲವ್ ಬೋರ್ಡು, ಫೈಬರ್ ಹುಲಿಗಳ ಹೆಸರಿನಲ್ಲಿ. ನಾನು ಹೆಚ್ಚು ಕೇಳುತ್ತಿಲ್ಲ, ಹೋಗುವುದು ಸರಿಯಾದ ಕೈಗೆ ಹೋಗಲಿ ಎನ್ನುತ್ತಿದ್ದೇನೆ. ಫ್ರಾನ್ಸಿನಲ್ಲಿ 1951ರಿಂದ ಶಾಲಾ ಕಟ್ಟಡಗಳ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲನ್ನು ಕಲೆಗೆ ತೆಗೆದಿಡುತ್ತಾರೆ, ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಅಂಥದೇ ನಿಯಮ ಮಾಡಿತು. ಐದು ಕೋಟಿಯ ತಾಲ್ಲೂಕು ಕಚೇರಿಗೆ ಆ ಲೆಕ್ಕದಲ್ಲಿ ಐದು ಲಕ್ಷ. ಅಷ್ಟರಲ್ಲಿ ಒಬ್ಬ ಒಳ್ಳೆಯ ಶಿಲ್ಪಿ ಒಂದು ಗೋಡೆಯನ್ನು ಮರೆಯಲಾಗದಂತೆ ಮಾಡಿಕೊಡಬಲ್ಲ.

ಟೆಂಡರ್ ಕಾಯ್ದೆ ಅಡ್ಡ ಬರುತ್ತದೆ ಎನ್ನುವುದು ನೆಪ. 1999ರ ಪಾರದರ್ಶಕ ಕಾಯ್ದೆಯಲ್ಲೇ ಟೆಂಡರ್ ಇಲ್ಲದೆ ಕೆಲಸ ಕೊಡಲು 4(ಜಿ) ವಿನಾಯಿತಿಯಿದೆ. 4(ಜಿ) ಎಂದರೆ ಜನ ಮೂಗು ಮುರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಆದ್ದರಿಂದ ನನಗೆ ಇಷ್ಟವಾಗುವುದು ಬಹಿರಂಗ ಸ್ಪರ್ಧೆ. ಕಲೆಯನ್ನು ಚರಂಡಿಯ ಪ್ಯಾಕೇಜಿನಿಂದ ಹೊರಗೆ ತೆಗೆಯಿರಿ. ಆರಂಭದಲ್ಲಿ ಕೆಲವರಿಂದ ರೇಖಾಚಿತ್ರ ತರಿಸಿ, ಆಯ್ಕೆಯಾಗದವರಿಗೂ ಚಿತ್ರದ ದುಡ್ಡು ಕೊಡಿ. ಪುಕ್ಕಟೆ ಚಿತ್ರ ಕೇಳಿದರೆ ಪುಕ್ಕಟೆಯಂಥದೇ ಬರುತ್ತದೆ. ಮಾದರಿಯನ್ನು ಪಂಚಾಯಿತಿ ಕಚೇರಿಯಲ್ಲಿ ತಿಂಗಳಾದರೂ ಇಡಿ, ಪಡಿತರಕ್ಕೆ ಬಂದವರು ನೋಡಿ ಬೈಯಲಿ. ಹತ್ತು ವರ್ಷದ ನಿರ್ವಹಣೆಗೆ ಬೇರೆ ಬಾಬ್ತು ತೆಗೆದಿಡಿ. ನಮ್ಮಲ್ಲಿ ಮಾಡಿಸುವುದಕ್ಕೆ ಅನುದಾನ ಸಿಗುತ್ತದೆ, ಒರೆಸುವುದಕ್ಕೆ ಸಿಗುವುದಿಲ್ಲ. ಮಾಡಿದವರ ಹೆಸರನ್ನು ಉದ್ಘಾಟಿಸಿದವರ ಹೆಸರಿಗಿಂತ ಒಂದು ಸುತ್ತು ದೊಡ್ಡದಾಗಿ ಕೊರೆಯಿರಿ. ಇಷ್ಟು ಮಾಡಿದರೆ ಉದ್ಘಾಟನೆಗೆ ಯಾರೂ ಬರುವುದಿಲ್ಲ ಎಂಬ ಭಯ ಬೇಡ, ಬಂದೇ ಬರುತ್ತಾರೆ.

ಮಾಕುಟ್ಟದಲ್ಲಿ ಏನು ಮಾಡಬೇಕೆಂದು ನಾನು ಹೇಳುವುದಿಲ್ಲ, ಅದು ಕಲಾವಿದನ ಕೆಲಸ. ಏನು ಬೇಡವೆಂದು ಮಾತ್ರ ಹೇಳಬಲ್ಲೆ. ಅದು ಬ್ರಹ್ಮಗಿರಿ ವನ್ಯಧಾಮದ ಮಗ್ಗುಲು, ರಾತ್ರಿ ಆನೆ ರಸ್ತೆ ದಾಟುವ ಜಾಗ. ಬಣ್ಣದ ದೀಪ ಬೇಡ, ಎತ್ತರದ ಕಂಬ ಬೇಡ. 2018ರ ಮಳೆಯಲ್ಲಿ ಈ ಘಾಟಿ ಕುಸಿದು ರಸ್ತೆ ಬಂದಾದ ನೆನಪಿರಲಿ, ಗುಡ್ಡ ಕಡಿದು ಜಾಗ ಮಾಡುವುದಂತೂ ಬೇಡವೇ ಬೇಡ. ಬಸ್ಸಿಗೆ ಕಾಯುವವರು ಕೂರುವ ತಂಗುದಾಣದ ಗೋಡೆಯೇ ಸಾಕು. ಸುಟ್ಟ ಮಣ್ಣಿನಲ್ಲಿ ಕೆಲಸ ಮಾಡುವವರು ಇನ್ನೂ ಇದ್ದಾರೆ, ನಮ್ಮ ಮಳೆಯನ್ನು ಆ ಮಣ್ಣು ತಾಳುತ್ತದೆಂದು ದೇವರಕಾಡಿನ ನಾಯಿಗಳೇ ಸಾಕ್ಷಿ. ಮಲಯಾಳ, ಕೊಡವ, ಕನ್ನಡ, ಯರವ ಮಾತಾಡುವ ನಾಲ್ಕು ಬಗೆಯ ಜನ ಆ ರಸ್ತೆಯಲ್ಲಿ ಓಡಾಡುತ್ತಾರೆ. ಕೆಲಸ ಶುರು ಮಾಡುವ ಮೊದಲು ಶಿಲ್ಪಿ ಅವರ ಜೊತೆ ಒಂದು ವಾರ ಕೂತು ಟೀ ಕುಡಿಯಲಿ, ಆ ಟೀ ದುಡ್ಡೂ ಎಸ್ಟಿಮೇಟಿನಲ್ಲಿರಲಿ.

ಕಮಾನು ಬೇಕೆನ್ನುವ ನನ್ನ ಟೀ ಅಂಗಡಿಯ ಗೆಳೆಯರಿಗೂ, ಬೇರೆ ಊರುಗಳ ಓದುಗರಿಗೂ ಒಂದು ವಿನಂತಿ. ನಿಮ್ಮ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ಕಾಮಗಾರಿ ಪಟ್ಟಿ ಓದುವಾಗ ‘ಸೌಂದರ್ಯೀಕರಣ’ ಎಂಬ ಸಾಲು ಬಂದರೆ ಎದ್ದು ನಿಂತು, ಚಿತ್ರ ತೋರಿಸಿ, ಮಾಡುವವರ ಹೆಸರು ಹೇಳಿ ಎಂದು ಕೇಳಿ. ಬಿಲ್ ಆಗುವ ಮೊದಲು ಕೇಳಿ, ಆಮೇಲೆ ಕೇಳಿದರೆ ನನ್ನಂಥವರು ಎಂ.ಬಿ. ಬರೆದು ಮುಗಿಸಿರುತ್ತೇವೆ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ.