ಅಟ್ಟದ ಹಲಗೆಗೆ ಲೆಕ್ಕ ಯಾರದು?

ಅಡಿಕೆ ಚೀಲ ತೂಗುವಾಗ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದ ನಮ್ಮ ಮಲೆನಾಡಿನ ರೈತರು, ಅಟ್ಟಕ್ಕೆ ಹಲಗೆ ಕೊಳ್ಳುವಾಗ ಮಾತ್ರ "ಆಚಾರಿ ಹೇಳಿದಷ್ಟು" ಎಂದು ಸಾಮಿಲ್ಲಿಗೆ ಹೊರಡುತ್ತಾರೆ. ಇದು ಸರಿಯಲ್ಲ. ಆಚಾರಿಯನ್ನು ದೂರುವಂತಿಲ್ಲ, ಕೆಲಸ ನಡುವೆ ನಿಲ್ಲಬಾರದೆಂದು ಆತ ನಾಲ್ಕು ಹಲಗೆ ಹೆಚ್ಚಿಗೆ ಹೇಳುವುದು ಸಹಜ. ಹಣ ನಿಮ್ಮದು, ಲೆಕ್ಕವೂ ನಿಮ್ಮದೇ ಆಗಿರಬೇಕು.

20 ಅಡಿ ಉದ್ದ, 12 ಅಡಿ ಅಗಲದ ಅಟ್ಟವೆನ್ನಿ. 240 ಚದರ ಅಡಿ. ಒಂದಂಗುಲ ದಪ್ಪದ ಹಲಗೆಯಾದರೆ 12ರಿಂದ ಭಾಗಿಸಿ 20 ಘನ ಅಡಿ ಎಂದು ಬಾಯಲ್ಲೇ ಹೇಳಿಬಿಡಬಹುದು. ಲೆಕ್ಕ ತಪ್ಪುವುದು ಇಲ್ಲಿಯೇ. 6 ಅಂಗುಲವೆಂದು ಕೊಯ್ದ ಹಲಗೆ 6 ಅಂಗುಲ ಮುಚ್ಚುವುದಿಲ್ಲ. ಅಂಚು ನೇರ ಮಾಡುವಾಗ ಕೀಸುಳಿ ಕಾಲಂಗುಲ ತಿನ್ನುತ್ತದೆ. ಒಣಗಿಸಿಟ್ಟ ಕಾಳುಮೆಣಸು ಸಂದಿಯಿಂದ ಅಡಿಗೆಮನೆಗೆ ಉದುರದಂತೆ, ಕಚ್ಚು ತೆಗೆದು ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸಿದರೆ ಮತ್ತೆ ಅರ್ಧ ಅಂಗುಲ ಹೋಯಿತು. ಉಳಿದದ್ದು 5¼. 12 ಅಡಿ ಎಂದರೆ 144 ಅಂಗುಲ. 5¼ರಿಂದ ಭಾಗಿಸಿದರೆ 27 ದಾಟುತ್ತದೆ. ಆದ್ದರಿಂದ 28 ಸಾಲು ಬೇಕು, 24 ಸಾಲದು. ಸಾಲಿಗೆ 20 ಅಡಿಯಂತೆ 560 ಅಡಿ ಹಲಗೆ, ಘನ ಅಡಿಯಲ್ಲಿ 23ಕ್ಕೂ ಮೇಲೆ. ಸೀಳಿದ್ದು, ಗಂಟು ಬಂದದ್ದು ಎಂದು ನೂರಕ್ಕೆ ಐದು ಸೇರಿಸಿ. ಅದಕ್ಕೂ ಹೆಚ್ಚು ಬೇಕೆಂದರೆ ಕಾರಣ ಕೇಳಿ.

ಉದ್ದದ ವಿಷಯವನ್ನು ಯಾರೂ ಹೇಳುವುದಿಲ್ಲ. ಹಲಗೆಯ ತುದಿ ತೊಲೆಯ ಮೇಲೆಯೇ ಬೀಳಬೇಕಷ್ಟೆ. ತೊಲೆಗಳು 2 ಅಡಿಗೊಂದರಂತಿದ್ದರೆ 8, 10, 12 ಅಡಿಯ ಹಲಗೆ ಕೇಳಿ. ಬೆರೆಸಿ ಹಾಕಿದರೆ ಕೂಡುಗಳೆಲ್ಲ ಒಂದೇ ತೊಲೆಯ ಮೇಲೆ ಬೀಳುವುದೂ ತಪ್ಪುತ್ತದೆ. 9 ಅಡಿಯದನ್ನೇ ತಂದಿರೋ, ಪ್ರತಿಯೊಂದನ್ನೂ 8ಕ್ಕೆ ಕತ್ತರಿಸಬೇಕು. ಈ ಅಟ್ಟಕ್ಕೆ ಅಂಥವು 70 ಬೇಕು. 70 ಅಡಿ ಹಲಗೆ ಬಚ್ಚಲೊಲೆಗೆ!

ಸ್ವಂತ ಹಲಸನ್ನೇ ಕೊಯ್ಯಿಸುವವರಿಗೂ ಒಂದು ಮಾತು. ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ವಾಡಿಕೆಯ ಲೆಕ್ಕ. ಸುತ್ತಳತೆ 4 ಅಡಿ, ಉದ್ದ 10 ಅಡಿಯಾದರೆ 10 ಘನ ಅಡಿ. ಅಷ್ಟು ಹಲಗೆ ಮನೆಗೆ ಬರುತ್ತದೆಂದು ನಂಬಬೇಡಿ. ತೊಗಟೆ, ಕೆಚ್ಚಿನ ಸುತ್ತಲಿನ ಬಿಳಿ, ಗರಗಸದ ಹುಡಿ ಎಲ್ಲವೂ ಅದರಲ್ಲೇ ಕಳೆಯಬೇಕು.

ಹಸಿ ಹಲಗೆಯ ಅಳತೆಯೂ ಅಳತೆಯಲ್ಲ. ನಡುವೆ ರೀಪು ಕೊಟ್ಟು, ನೆರಳಿನಲ್ಲಿ ಅಟ್ಟಿ ಹಾಕಿ ಒಂದು ಬೇಸಿಗೆ ಕಳೆಯಲಿ. ಆಮೇಲೆ ಅಗಲ ಅಳೆಯಿರಿ.

ಸಾಮಿಲ್ಲಿನವರು ಚೀಟಿಯಲ್ಲಿ ಬರಿದೇ "ಇಷ್ಟು ಘನ ಅಡಿ" ಎಂದು ಬರೆದು ಹಣ ಪಡೆಯುವ ಪದ್ಧತಿ ನಿಲ್ಲಬೇಕು. ಹಲಗೆ ಎಷ್ಟು, ಒಂದೊಂದರ ಉದ್ದ, ಅಗಲ, ದಪ್ಪವೆಷ್ಟು ಎಂಬುದನ್ನು ಬರೆದುಕೊಡುವಂತೆ ಕೇಳಿ. ಕೊಡದಿದ್ದರೆ ಲಾರಿಗೆ ಹೇರುವ ಮೊದಲು ನೀವೇ ಟೇಪು ಹಿಡಿಯಿರಿ.