ಅಬ್ರಹಾಮನ ಹೆಸರು ಹೇಳಿ ಎರಡನೇ ಮದುವೆ ಕೇಳಿದರೆ...

‘ಅಬ್ರಹಾಮನಿಗೆ ಇಬ್ಬರಿರಲಿಲ್ವಾ? ಯಾಕೋಬನಿಗೆ ನಾಲ್ವರು. ದಾವೀದ ದೇವರು ಮೆಚ್ಚಿದ ರಾಜ, ಅವನಿಗೆಷ್ಟು ಜನ ಹೆಂಡಿರು? ನಾನು ಇನ್ನೊಬ್ಬಳನ್ನ ಕಟ್ಕೊಂಡ್ರೆ ಮಾತ್ರ ಪಾಪ ಹೇಗಾಗುತ್ತೆ?’

ಬೈಬಲ್ ಕೈಯಲ್ಲಿ ಹಿಡಿದುಕೊಂಡು ಗಂಡ ಹೀಗೆ ಕೇಳಿದರೆ ನೀವು ಏನು ಉತ್ತರ ಕೊಡ್ತೀರಿ? ಹೆಣ್ಣುಮಕ್ಕಳು ತಡವರಿಸುವುದು ಇಲ್ಲೇ. ಕುಡಿದು ಬಂದು ಕೂಗಾಡಿದರೆ ಎದುರು ಮಾತಾಡುವ ಧೈರ್ಯ ಇರುತ್ತೆ. ಆದರೆ ವಚನ ತೋರಿಸಿದ ಕೂಡಲೇ ಬಾಯಿ ಕಟ್ಟಿಹೋಗುತ್ತೆ. ಬೇಡ ಅಂದರೆ ಗಂಡನಿಗಲ್ಲ, ದೇವರಿಗೇ ಎದುರಾಡಿದ ಹಾಗಾಗುತ್ತಾ ಅನ್ನೋ ಭಯ.

ಆಗ ನೆನಪಾಗುವುದು ಚರ್ಚಿನ ಹಿರಿಯರು. ಕ್ಯಾಥೊಲಿಕ್ ಮನೆಯಾದರೆ ಫಾದರ್, ಉಳಿದವರಿಗೆ ಪಾಸ್ಟರ್ ಅಥವಾ ಸಭೆಯ ಹಿರಿಯರು. ಖಂಡಿತ ಹೋಗಿ. ಆದರೆ ಗಂಡನ ಹಿಂದೆ ನಿಂತು, ಅವರಿಬ್ಬರು ಮಾತಾಡಿದ್ದನ್ನು ಕೇಳಿಸಿಕೊಂಡು ಬರೋದಕ್ಕೆ ಹೋಗಬೇಡಿ. ಬಹುಪತ್ನಿತ್ವದ ಮಾತುಕತೆ ಹೆಂಡತಿಯನ್ನು ಹೊರಗೆ ಕೂರಿಸಿ ನಡೆದರೆ ನಷ್ಟ ಆಗೋದು ಅವಳಿಗೇ. ಇದಕ್ಕೆ ಚರ್ಚಿನ ಚರಿತ್ರೆಯೇ ಸಾಕ್ಷಿ.

ಪೂರ್ತಿ ಕಥೆ ಓದಿ

ಮೊದಲು ವಚನದ ವಿಷಯ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹಲವು ಹೆಂಡಿರಿದ್ದ ಗಂಡಸರು ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಇಬ್ಬರು ಹೆಂಡಿರಿದ್ದವನು ಆಸ್ತಿ ಹಂಚುವಾಗ ಚೊಚ್ಚಲ ಮಗನಿಗೆ ಮೋಸ ಮಾಡಬಾರದು ಅನ್ನೋ ನಿಯಮ ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿದೆ. ಆದರೆ ಒಂದು ಸಂಗತಿ ಬೈಬಲಿನಲ್ಲಿ ಇದೆ ಅನ್ನೋದೇ ಬೇರೆ, ಬೈಬಲ್ ಅದನ್ನು ಮಾಡಿ ಅನ್ನುತ್ತೆ ಅನ್ನೋದೇ ಬೇರೆ ಅಲ್ವಾ?

ಆ ಮನೆಗಳಲ್ಲಿ ಏನಾಯ್ತು ಅಂತ ಓದಿ ನೋಡಿ. ಬೈಬಲಿನಲ್ಲಿ ಮೊದಲು ಇಬ್ಬರನ್ನು ಕಟ್ಟಿಕೊಂಡವನು ಲೆಮೆಕ. ಕೊಲೆ ಮಾಡಿದ್ದನ್ನು ಹೆಂಡಿರ ಮುಂದೆ ಜಂಬ ಕೊಚ್ಚಿಕೊಂಡ ಆಸಾಮಿ. ಅಬ್ರಹಾಮನ ಮನೆಯಲ್ಲಿ ಹಾಗರಳು ಮಗನನ್ನು ಕಟ್ಟಿಕೊಂಡು, ರೊಟ್ಟಿ ನೀರು ಹಿಡಿದು ಮರುಭೂಮಿಗೆ ಹೋಗಬೇಕಾಯ್ತು. ಯಾಕೋಬನ ಮನೆಯಲ್ಲಿ ಒಡಹುಟ್ಟಿದ ಲೇಯಾ, ರಾಹೇಲರು ಗಂಡನ ಒಂದು ರಾತ್ರಿಗಾಗಿ ಚೌಕಾಸಿ ಮಾಡಿದರು. ಹನ್ನಳನ್ನು ಸವತಿ ಪೆನಿನ್ನಳು ಮಕ್ಕಳಿಲ್ಲದವಳು ಅಂತ ಚುಚ್ಚಿ ಚುಚ್ಚಿ ಅಳಿಸಿದಳು. ಸೊಲೊಮೋನನಿಗೆ 700 ರಾಣಿಯರು, 300 ಉಪಪತ್ನಿಯರು. ಅವರಿಂದಲೇ ಅವನ ಮನಸ್ಸು ದೇವರಿಂದ ದೂರವಾಯ್ತು ಅಂತ ಬೈಬಲೇ ಹೇಳುತ್ತೆ. ಇವನ್ನೆಲ್ಲ ಓದಿದ ಮೇಲೂ ಇದು ಮಾದರಿ ಅಂತ ಯಾರಿಗಾದರೂ ಅನ್ನಿಸುತ್ತಾ?

ಇನ್ನು ಮದುವೆಯ ಬಗ್ಗೆ ಯೇಸುವನ್ನು ನೇರವಾಗಿ ಕೇಳಿದಾಗ, ಮತ್ತಾಯನ 19ನೇ ಅಧ್ಯಾಯದಲ್ಲಿ ಅವರು ಅಬ್ರಹಾಮನ ಹೆಸರು ಎತ್ತಲಿಲ್ಲ. ಅವನಿಗೂ ಹಿಂದಕ್ಕೆ ಹೋಗಿ, ಮೊದಲ ಗಂಡುಹೆಣ್ಣಿನ ಜೋಡಿಯನ್ನು ತೋರಿಸಿದರು. ಸಭೆಯ ಅಧ್ಯಕ್ಷನಿಗೆ ಒಬ್ಬಳೇ ಹೆಂಡತಿ ಇರಬೇಕು ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಕ್ಯಾಥೊಲಿಕ್ ಚರ್ಚಂತೂ 1563ರಲ್ಲಿ ಟ್ರೆಂಟ್ ಮಹಾಸಭೆಯಲ್ಲೇ ಇದಕ್ಕೆ ಬಾಗಿಲು ಹಾಕಿದೆ. ಅಮೆರಿಕದ ಮಾರ್ಮನ್ನರ ಉದಾಹರಣೆ ಕೊಡುವವರೂ ಇದ್ದಾರೆ. ಅವರ ಮುಖ್ಯ ಚರ್ಚು 1890ರಲ್ಲೇ ಹೊಸ ಬಹುಪತ್ನಿ ಮದುವೆಗಳನ್ನು ಬಿಡುವುದಾಗಿ ಸಾರಿತು. ಈಗ ಅಲ್ಲಿ ಹಾಗೆ ಮಾಡುವವರನ್ನು ಸದಸ್ಯತ್ವದಿಂದಲೇ ತೆಗೆಯುತ್ತಾರೆ.

ದೊರೆಯ ಗುಟ್ಟಿನ ಮದುವೆ

ಹಾಗಾದರೆ ಚರ್ಚಿನ ದೊಡ್ಡವರು ಯಾವತ್ತೂ ತಪ್ಪು ಸಲಹೆ ಕೊಟ್ಟೇ ಇಲ್ವಾ? ಕೊಟ್ಟಿದ್ದಾರೆ. ಜರ್ಮನಿಯ ಹೆಸ್ಸೆ ಪ್ರಾಂತ್ಯದ ದೊರೆ ಫಿಲಿಪ್ 1523ರಲ್ಲಿ ಕ್ರಿಸ್ಟೀನ್ ಎಂಬ ರಾಜಕುಮಾರಿಯನ್ನು ಮದುವೆಯಾಗಿದ್ದ. ಮನೆ ತುಂಬ ಮಕ್ಕಳೂ ಆಗಿದ್ದವು. ಆಮೇಲೆ ಮಾರ್ಗರೆಟ್ ಎಂಬ ಹುಡುಗಿಯ ಮೇಲೆ ಮನಸ್ಸಾಯ್ತು. ಅವಳ ತಾಯಿ ಗಟ್ಟಿಗಿತ್ತಿ, ಮದುವೆಯಾಗದೆ ಮಗಳನ್ನು ಕೊಡಲ್ಲ ಅಂದಳು. ದೊರೆ ತೆಗೆದದ್ದು ಅದೇ ಹಳೆಯ ವಾದ: ಪಿತೃಗಳಿಗೆ ಹಲವರು ಇರಲಿಲ್ವಾ?

ಪ್ರೊಟೆಸ್ಟೆಂಟ್ ಚಳವಳಿಗೆ ಫಿಲಿಪನ ಬೆಂಬಲ ಬೇಕಿತ್ತು. 1539ರ ಡಿಸೆಂಬರಿನಲ್ಲಿ ಮಾರ್ಟಿನ್ ಲೂಥರ್, ಮೆಲಾಂಕ್ಟನ್ ಮೊದಲಾದ ಧರ್ಮಪಂಡಿತರು ಒಂದು ಸಲಹಾ ಪತ್ರಕ್ಕೆ ಸಹಿ ಹಾಕಿದರು. ಸಾಮಾನ್ಯ ನಿಯಮವಾಗಿ ಇದನ್ನು ಒಪ್ಪಲ್ಲ, ಆದರೆ ನಿಮ್ಮೊಬ್ಬರ ಕಷ್ಟಕ್ಕೆ ವಿನಾಯಿತಿ, ಗುಟ್ಟಾಗಿರಲಿ ಅನ್ನೋದು ಅದರ ತಾತ್ಪರ್ಯ. ಕ್ರಿಸ್ಟೀನಳಿಂದ ಒಪ್ಪಿಗೆ ಪತ್ರವನ್ನೂ ಬರೆಸಿಕೊಂಡರು. 1540ರ ಮಾರ್ಚ್ 4ರಂದು ಮದುವೆ ನಡೆದೇಹೋಯ್ತು.

ಗುಟ್ಟು ನಿಲ್ಲುತ್ತಾ? ಕೆಲವೇ ತಿಂಗಳಲ್ಲಿ ಬಯಲಾಯ್ತು. ಆಗಿನ ಸಾಮ್ರಾಜ್ಯದ ಕಾನೂನಿನಲ್ಲಿ ದ್ವಿಪತ್ನಿತ್ವಕ್ಕೆ ಮರಣದಂಡನೆಯವರೆಗೂ ಶಿಕ್ಷೆ ಇತ್ತು. ತಲೆ ಉಳಿಸಿಕೊಳ್ಳಲು ಫಿಲಿಪ್ ಚಕ್ರವರ್ತಿಯ ಮುಂದೆ ಬಗ್ಗಬೇಕಾಯ್ತು. ಸಹಿ ಹಾಕಿದವರ ಹೆಸರು ಕೆಟ್ಟಿತು, ಮೆಲಾಂಕ್ಟನ್ ಕೊರಗಿ ಹಾಸಿಗೆ ಹಿಡಿದ. ಆದರೆ ಈ ಕಥೆಯಲ್ಲಿ ನನ್ನನ್ನು ಕಾಡೋದು ಕ್ರಿಸ್ಟೀನ್. ಅಷ್ಟೊಂದು ಪಂಡಿತರು ಸಲಹೆ ಕೊಟ್ಟರಲ್ಲ, ಅವಳನ್ನು ಕೂರಿಸಿ ‘ಅಮ್ಮಾ, ನಿಮಗೆ ಏನನ್ನಿಸುತ್ತೆ?’ ಅಂತ ಮಾತಾಡಿಸಿ ಬರೆದ ಪತ್ರವಲ್ಲ ಅದು. ಅವಳ ಪಾಲಿಗೆ ಬಂದದ್ದು ಸಹಿ ಹಾಕುವ ಕೆಲಸ ಮಾತ್ರ.

ನಿಯಮ ಸರಿ, ಆದರೆ ಹೆಂಗಸರ ಗತಿ?

ಇನ್ನೊಂದು ತುದಿಯ ಕಥೆ ಆಫ್ರಿಕಾದ್ದು. 19ನೇ ಶತಮಾನದಲ್ಲಿ ಹಲವು ಹೆಂಡಿರಿದ್ದವನು ಕ್ರೈಸ್ತನಾಗಲು ಬಂದರೆ ಅನೇಕ ಮಿಷನರಿಗಳು ಹಾಕುತ್ತಿದ್ದ ಷರತ್ತು: ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟು ಬಾ. ಹಾಗೆ ಬಿಟ್ಟವರು ಎಲ್ಲಿಗೆ ಹೋಗಬೇಕು? ಅವರ ಮಕ್ಕಳು? ದಕ್ಷಿಣ ಆಫ್ರಿಕಾದ ನಟಾಲ್‌ನ ಬಿಷಪ್ ಜಾನ್ ಕೊಲೆನ್ಸೊ 1850ರ ದಶಕದಲ್ಲೇ ಇದು ಅನ್ಯಾಯ ಅಂತ ವಾದಿಸಿದ್ದರು. ಆದರೂ 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪ್‌ಗಳು, ಬಹುಪತ್ನಿ ಇರುವ ಗಂಡಸಿಗೆ ದೀಕ್ಷಾಸ್ನಾನ ಇಲ್ಲ ಅಂತ ತೀರ್ಮಾನಿಸಿದರು.

ಅದು ಸಡಿಲವಾಗಲು ನೂರು ವರ್ಷ ಬೇಕಾಯ್ತು. 1988ರ ಲ್ಯಾಂಬೆತ್ ಸಮ್ಮೇಳನ ಏಕಪತ್ನಿತ್ವವೇ ದೇವರ ಯೋಜನೆ ಅಂತ ಮತ್ತೆ ಹೇಳಿತು. ಜೊತೆಗೆ, ಮೊದಲೇ ಹಲವು ಹೆಂಡಿರಿದ್ದವನು ನಂಬಿಕೆಗೆ ಬಂದರೆ ಕುಟುಂಬದೊಂದಿಗೆ ಸೇರಿಸಿಕೊಳ್ಳಬಹುದು, ಸ್ಥಳೀಯ ಸಭೆ ಒಪ್ಪಬೇಕು, ಅವನು ಇನ್ನೊಂದು ಮದುವೆಯಾಗಬಾರದು, ಇರುವ ಹೆಂಡಿರನ್ನು ಬಿಡುವಂತೆ ಬಲವಂತ ಮಾಡಬಾರದು ಅಂತ ನಿರ್ಣಯಿಸಿತು. ಯಾಕೆ? ಬಿಟ್ಟರೆ ಬೀದಿಪಾಲಾಗುವವರು ಆ ಹೆಂಗಸರು. ನೆನಪಿಡಿ, ಕ್ರೈಸ್ತನಾಗಿ ಮದುವೆಯಾದವನು ಇನ್ನೊಬ್ಬಳನ್ನು ತರೋದಕ್ಕೆ ಇದು ಪರವಾನಗಿ ಅಲ್ಲ. ನಾವು ಕಲಿಯಬೇಕಾದ ಪಾಠ ಬೇರೆ: ಸಿದ್ಧಾಂತ ಎಷ್ಟೇ ಸರಿಯಿದ್ದರೂ, ಆ ಹೆಣ್ಣಿನ ಊಟ, ಸೂರು, ಮಕ್ಕಳ ಗತಿ ಏನು ಅಂತ ಕೇಳದ ತೀರ್ಮಾನ ಅರ್ಧ ತೀರ್ಮಾನ.

ಹಿರಿಯರ ಮುಂದೆ ಕೂತಾಗ

* ಮೊದಲ ಭೇಟಿ ಗಂಡನಿಲ್ಲದೆ ಆಗಲಿ. ಒಬ್ಬರೇ ಹೋಗಲು ಮುಜುಗರವಾದರೆ ಅಕ್ಕನೋ ಅತ್ತಿಗೆಯೋ ಚರ್ಚಿನ ಮಹಿಳಾ ಸಂಘದ ಹಿರಿಯರೋ ಜೊತೆಗಿರಲಿ.
* ‘ಇವರು ಹೀಗಂತಾರೆ, ಏನು ಮಾಡ್ಲಿ’ ಅಂತ ಅತ್ತು ಬರಬೇಡಿ. ನೇರವಾಗಿ ಕೇಳಿ: ‘ಫಾದರ್, ಇದನ್ನು ನಮ್ಮ ಚರ್ಚು ಒಪ್ಪುತ್ತಾ, ಇಲ್ವಾ? ಒಪ್ಪೋದಿಲ್ಲ ಅಂದ್ರೆ ಅವರಿಗೆ ನೀವೇ ಹೇಳ್ತೀರಾ? ನನ್ನ ಎದುರಿಗೆ ಹೇಳ್ತೀರಾ?’
* ‘ಸಹಿಸಿಕೋ ಮಗಳೇ, ಪ್ರಾರ್ಥನೆ ಮಾಡು’ ಅಂತ ಮಾತ್ರ ಹೇಳಿ ಕಳಿಸಿದರೆ, ಪ್ರಾರ್ಥನೆ ಮಾಡ್ತೀನಿ, ಆದರೆ ನನ್ನ ಪ್ರಶ್ನೆಗೆ ಉತ್ತರ ಬೇಕು ಅನ್ನಿ. ಅದು ಅವಿಧೇಯತೆ ಅಲ್ಲ. ಉತ್ತರ ಸಿಗದಿದ್ದರೆ ಬಿಷಪ್ ಕಚೇರಿಗೆ ಪತ್ರ ಬರೆಯಿರಿ. ಮೇಲೆ ಯಾರೂ ಇಲ್ಲದ ಸ್ವತಂತ್ರ ಸಭೆಯಾದರೆ ಬೇರೆ ಸಭೆಯ ಹಿರಿಯರನ್ನು ಕೇಳಿ.
* ‘ಗುಟ್ಟಾಗಿ ಇರಲಿ’ ಅಂತ ಯಾರೇ ಹೇಳಿದರೂ ಎಚ್ಚರ! ಬೆಳಕಿಗೆ ಬರಲು ಹೆದರುವ ಮದುವೆ ಎಂಥ ಮದುವೆ?
* ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬೇಡಿ.

ಕಾನೂನು ಏನನ್ನುತ್ತೆ?

ಚರ್ಚಿನ ಉತ್ತರ ಏನೇ ಬರಲಿ, ನಮ್ಮ ದೇಶದ ಕಾನೂನು ಸ್ಪಷ್ಟವಾಗಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 60ನೇ ಕಲಮಿನ ಷರತ್ತುಗಳಲ್ಲೊಂದು, ಮದುವೆಯಾಗುವವರಿಗೆ ಜೀವಂತ ಗಂಡನಾಗಲಿ ಹೆಂಡತಿಯಾಗಲಿ ಇರಬಾರದು ಅನ್ನೋದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನ ಪ್ರಕಾರ, ಮೊದಲ ಮದುವೆ ಊರ್ಜಿತವಿರುವಾಗ ಇನ್ನೊಂದು ಮದುವೆಯಾದರೆ 7 ವರ್ಷದವರೆಗೆ ಜೈಲು. ಮೊದಲ ಮದುವೆ ಮುಚ್ಚಿಟ್ಟು ಆದರೆ 10 ವರ್ಷದವರೆಗೆ. ನೀವು ಒಪ್ಪಿ ಸಹಿ ಹಾಕಿದರೂ ಆ ಮದುವೆ ಊರ್ಜಿತ ಆಗಲ್ಲ. ಅಂದರೆ ಹೊಸದಾಗಿ ಬರುವ ಹುಡುಗಿಗೂ ಹೆಂಡತಿಯ ಸ್ಥಾನ ಸಿಗಲ್ಲ. ಮೋಸ ಹೋಗೋಳು ಅವಳೂ ಹೌದು.

ಈ ದೂರಿಗೆ ಪೊಲೀಸರು ತಾವಾಗಿ ಕೇಸು ಹಾಕಲ್ಲ. ನೀವು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕು. ನಿಮ್ಮ ಪರವಾಗಿ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯೂ ದೂರು ಕೊಡಬಹುದು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಕಾರಣಕ್ಕೆ ನೀವು ಬೇರೆ ಇದ್ದರೂ ಜೀವನಾಂಶ ಕೇಳುವ ಹಕ್ಕು ಹೋಗಲ್ಲ.

‘ಚರ್ಚಿನಲ್ಲೇ ನಿನ್ನ ಮದುವೆ ರದ್ದು ಮಾಡಿಸ್ತೀನಿ’ ಅಂತ ಹೆದರಿಸಿದರೆ? ಚರ್ಚಿನ ನ್ಯಾಯಪೀಠ ಕೊಟ್ಟ ರದ್ದತಿಯಿಂದ ಕಾನೂನಿನ ಮದುವೆ ಮುರಿಯಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅದಕ್ಕೂ ಮಾನ್ಯತೆ ಕೊಡಿ ಅಂತ ದಕ್ಷಿಣ ಕನ್ನಡದ ಕ್ಯಾಥೊಲಿಕ್ ಮುಖಂಡರೊಬ್ಬರು ಹಾಕಿದ್ದ ಅರ್ಜಿ 2017ರಲ್ಲಿ ವಜಾ ಆಯ್ತು. ಮದುವೆ ಮುರಿಯಬೇಕಾದರೆ ಸರ್ಕಾರದ ಕೋರ್ಟೇ ಆಗಬೇಕು. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತೆ, ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮನೆಯಲ್ಲಿ ಹೊಡೆತ ಬಡಿತ ಶುರುವಾಗಿದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಚರ್ಚಿನ ಹಿರಿಯರಿಗೂ ಒಂದು ಮಾತು. ಇಂಥ ಪ್ರಶ್ನೆ ಹೊತ್ತು ಒಬ್ಬ ಹೆಣ್ಣುಮಗಳು ನಿಮ್ಮ ಬಾಗಿಲಿಗೆ ಬಂದರೆ, ವಚನ ಹುಡುಕುವ ಮುಂಚೆ ಅವಳಿಗೊಂದು ಕುರ್ಚಿ ಕೊಡಿ. ಗಂಡನ ವಾದ ಕೇಳಿದಷ್ಟೇ ತಾಳ್ಮೆಯಿಂದ ಅವಳ ಮಾತೂ ಕೇಳಿ. ಮತ್ತೆ ನೀವು, ಅಬ್ರಹಾಮನ ಹೆಸರು ಕಿವಿಗೆ ಬಿದ್ದಾಗ ತಲೆ ತಗ್ಗಿಸಬೇಡಿ. ‘ಹಾಗರಳ ಕಥೆಯನ್ನೂ ಓದೋಣ, ಬನ್ನಿ’ ಅನ್ನಿ.